ಕ್ಷೌರದ ಕತ್ತಿ ತೇಯುವಾಗ ಬಾಯಿ ನೀಲಿಗಟ್ಟಿದರೆ

ಕೈಯಲ್ಲಿ ಮಾಡಿದ ಕ್ಷೌರದ ಕತ್ತಿ ಹಾಳಾಗುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಹದ ಕೊಟ್ಟಾಗಿದೆ (ಕಾಯಿಸಿ ಎಣ್ಣೆಗೆ ಅದ್ದಿ ಗಡಸು ಮಾಡುವುದು), ಟೆಂಪರ್ ಆಗಿದೆ (ಪೆಡಸು ಇಳಿಸಲು ಮತ್ತೆ ಮಿತವಾಗಿ ಕಾಯಿಸುವುದು), ಹಾಲೋ (ಅಲಗಿನ ಎರಡೂ ಬದಿಯ ಒಳಬಾಗಿದ ತಗ್ಗು) ಮುಕ್ಕಾಲು ಇಳಿದಿದೆ. ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ದಪ್ಪ 0.2 ಮಿ.ಮೀ.ಗೆ ಬಂದಾಗ ಗ್ರೈಂಡರ್ ಬೆಲ್ಟಿನ ಮೇಲೆ ಅರೆಕ್ಷಣ ಹೆಚ್ಚು ನಿಂತರೂ ಸಾಕು, ಮೊನೆಯ ಬಳಿ ನೀಲಿ ಗೆರೆ ಏಳುತ್ತದೆ. ಆಗ ಕೈ ತಾನಾಗಿಯೇ ಎರಡು ಕೆಲಸ ಮಾಡಿಬಿಡುತ್ತದೆ: ಅಲಗನ್ನು ನೀರಿಗೆ ಅದ್ದುತ್ತದೆ, ಆಮೇಲೆ ಆ ನೀಲಿಯನ್ನು ಉಜ್ಜಿ ತೆಗೆಯುತ್ತದೆ. ಎರಡರಿಂದಲೂ ಹೋದ ಹದ ವಾಪಸ್ ಬರುವುದಿಲ್ಲ. ಎರಡನೆಯದರಿಂದಂತೂ ಸುಟ್ಟ ಜಾಗ ಎಲ್ಲಿಯವರೆಗಿತ್ತು ಅನ್ನುವ ಗುರುತೂ ಹೋಗುತ್ತದೆ.

ಆದ್ದರಿಂದ ಮೊದಲು ಮೆಷಿನ್ ನಿಲ್ಲಿಸಿ, ಅಲಗನ್ನು ಗಾಳಿಯಲ್ಲೇ ಆರಲು ಬಿಡಿ. ಬಣ್ಣದ ಅಂಚು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಎರಡೂ ಬದಿಯಲ್ಲಿ ತೆಳು ಮೊನೆಯ ಪರ್ಮನೆಂಟ್ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಇನ್ನು ಮೂರು ಅಳತೆ ಬರೆದಿಟ್ಟುಕೊಳ್ಳಿ: ಸುಟ್ಟ ಜಾಗದ ಪಕ್ಕದಲ್ಲಿ ಬಾಯಿಯ ದಪ್ಪ, ಅಲಗಿನ ಅಗಲ, ಬೆನ್ನಿನ ದಪ್ಪ. ಬಾಯಿಗೆ ಮೈಕ್ರೊಮೀಟರ್ ಬೇಕು, ಉಳಿದೆರಡಕ್ಕೆ ವರ್ನಿಯರ್ ಸಾಕು. ಮುಂದೆ ಯಾವ ದಾರಿ ಹಿಡಿಯಬೇಕು ಅನ್ನುವುದು ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಬಣ್ಣವನ್ನು ಎಷ್ಟು ನಂಬಬೇಕು

ಉಕ್ಕಿನ ಮೇಲೆ ಕಾಣುವ ಬಣ್ಣ ಬರೀ ಆಕ್ಸೈಡಿನ ತೆಳು ಪದರ. ಬಿಸಿ ಹೆಚ್ಚಿದಷ್ಟೂ ಪದರ ದಪ್ಪವಾಗಿ ಬಣ್ಣ ಬದಲಾಗುತ್ತದೆ. ಸಾದಾ ಕಾರ್ಬನ್ ಉಕ್ಕಿನಲ್ಲಿ ಸುಮಾರು 205 ಡಿಗ್ರಿ ಸೆಲ್ಸಿಯಸ್‌ಗೆ ತಿಳಿಹಳದಿ, 230ಕ್ಕೆ ಕಡುಹಳದಿ, 255ರ ಸುಮಾರಿಗೆ ಕಂದು, 275ಕ್ಕೆ ನೇರಳೆ, 295–300ಕ್ಕೆ ಕಡುನೀಲಿ, 320 ದಾಟಿದರೆ ತಿಳಿನೀಲಿ, ಅದರಾಚೆ ಬೂದು. ಕ್ರೋಮಿಯಂ ಜಾಸ್ತಿ ಇರುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ಇವೇ ಬಣ್ಣಗಳು ಇನ್ನೂ ಹೆಚ್ಚಿನ ಬಿಸಿಗೆ ಏಳುತ್ತವೆ.

ಕ್ಷೌರದ ಕತ್ತಿಯನ್ನು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ ಟೆಂಪರ್ ಮಾಡುತ್ತಾರೆ. 1095 ಎಂಬ ಹೆಚ್ಚು ಕಾರ್ಬನ್ನಿನ ಉಕ್ಕಾದರೆ ಆಗ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 61–62ರ ಆಸುಪಾಸು ಉಳಿಯುತ್ತದೆ. ಅದೇ ಉಕ್ಕನ್ನು 260 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ 58–59ಕ್ಕೆ, 315ರಲ್ಲಿ ಇಟ್ಟರೆ 56ರ ಹತ್ತಿರಕ್ಕೆ ಇಳಿಯುತ್ತದೆ. ಅಡುಗೆಮನೆಯ ಚಾಕುವಿಗೆ 57 ಧಾರಾಳ ಸಾಕು. ಆದರೆ 16–17 ಡಿಗ್ರಿ ಕೋನದ ಕ್ಷೌರದ ಬಾಯಿ ಅಷ್ಟು ಮೆತ್ತಗಾದರೆ ಗಡ್ಡಕ್ಕೆ ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ. ಚರ್ಮದ ಪಟ್ಟಿಗೆ ಉಜ್ಜಿದಷ್ಟೂ ಅತ್ತಿಂದಿತ್ತ ವಾಲಾಡುತ್ತದೆ.

ಮೇಲಿನ ಬಣ್ಣದ ಅಂಕಿಗಳು ನಿಧಾನವಾಗಿ ಕಾಯಿಸಿದ ಉಕ್ಕಿಗೆ ಸೇರಿದವು. ಬೆಲ್ಟಿನ ಮೇಲೆ ಬಿಸಿ ಏರಿ ಇಳಿಯುವುದು ಒಂದೆರಡು ಸೆಕೆಂಡಿನಲ್ಲಿ. ಅಷ್ಟು ಕಡಿಮೆ ಹೊತ್ತಿನಲ್ಲಿ ಅದೇ ಬಣ್ಣ ಬರಬೇಕಾದರೆ ಬಿಸಿ ಪಟ್ಟಿಯಲ್ಲಿರುವುದಕ್ಕಿಂತ ಮೇಲೇ ಹೋಗಿರುತ್ತದೆ. ಹಾಗೆಯೇ ಹದ ಇಳಿಯುವುದಕ್ಕೂ ಹೊತ್ತು ಬೇಕಾದ್ದರಿಂದ ನಷ್ಟ ಪಟ್ಟಿ ಹೇಳುವಷ್ಟು ಆಗದೆಯೂ ಇರಬಹುದು. ಹೀಗಾಗಿ ತಿಳಿಹಳದಿ ಕಂಡರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಂದು ಬಂದರೆ ಅನುಮಾನ ಇಟ್ಟುಕೊಂಡೇ ಪರೀಕ್ಷಿಸಬೇಕು. ನೇರಳೆ, ನೀಲಿ, ಬೂದು ಬಂದ ಜಾಗ ಬಾಯಿಗೆ ಬೇಡ.

ಇನ್ನೊಂದು ಬಗೆಯ ಸುಡುವಿಕೆ ಇದೆ. ಅಪರೂಪ, ಆದರೆ ಇದಕ್ಕಿಂತ ಕೆಟ್ಟದ್ದು. ಮೊಂಡಾದ ಚಕ್ರಕ್ಕೆ ಒತ್ತಿ ಹಿಡಿದಾಗ ಮೇಲ್ಮೈಯ ಬಿಸಿ 727 ಡಿಗ್ರಿ ದಾಟಿ, ಹಿಂದಿನ ತಣ್ಣನೆಯ ಉಕ್ಕು ಅದನ್ನು ಕ್ಷಣದಲ್ಲಿ ಆರಿಸಿಬಿಡುತ್ತದೆ. ಅಲ್ಲಿ ಟೆಂಪರ್ ಇಲ್ಲದ, ಗಾಜಿನಷ್ಟು ಪೆಡಸಾದ ತೆಳು ಪದರ ಹುಟ್ಟುತ್ತದೆ, ಅದರ ಕೆಳಗೆ ಮೆತ್ತಗಿನ ಪದರ. ಇಂಥ ಜಾಗದಲ್ಲಿ ತೇಯ್ದ ಗೆರೆಗಳಿಗೆ ಅಡ್ಡವಾಗಿ ಕೂದಲೆಳೆಯಂಥ ಬಿರುಕುಗಳು ಏಳಬಹುದು. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಓರೆ ಬೆಳಕಿನಲ್ಲಿ ಹುಡುಕಿ. ಬಿರುಕು ಹಾಲೋದ ಮೇಲ್ಭಾಗದವರೆಗೆ ಓಡಿದ್ದರೆ ಮುಂದಿನ ಯಾವ ಹಂತವೂ ಬೇಡ; ಆ ಅಲಗು ಮುಖದ ಹತ್ತಿರ ಹೋಗಕೂಡದು.

ಸುಟ್ಟದ್ದು ಬಾಯಿಯೋ ಬರ್ರೋ

ಬಹುಪಾಲು ಗಾಬರಿ ಇಲ್ಲಿಗೇ ಮುಗಿಯುತ್ತದೆ. ತೇಯುವಾಗ ಬಾಯಿಯ ತುದಿಯಲ್ಲಿ ಏಳುವ ಲೋಹದ ಎಳೆಗೆ ಬರ್ ಅನ್ನುತ್ತಾರೆ, ಅದು ಕಾಗದಕ್ಕಿಂತ ತೆಳು. ಬಿಸಿ ಹೋಗಲು ಅದಕ್ಕೆ ದಾರಿಯೇ ಇಲ್ಲ, ಎಲ್ಲಕ್ಕಿಂತ ಮೊದಲು ನೀಲಿಯಾಗುವುದು ಅದೇ. ಅಲಗನ್ನು ನೇರ ನಿಲ್ಲಿಸಿ, ಬಾಯಿಯನ್ನು 1000 ಗ್ರಿಟ್‌ನ (ಅಂಕಿ ಹೆಚ್ಚಿದಷ್ಟೂ ನುಣುಪು), ನೀರು ಹಾಕಿ ಉಜ್ಜುವ ಸಾಣೆಕಲ್ಲಿನ ಮೇಲೆ ತನ್ನ ಭಾರಕ್ಕೇ ಒಂದೆರಡು ಸಲ ಎಳೆಯಿರಿ. ಬರ್ ಉದುರಿದ ಮೇಲೆ ಎರಡೂ ಬದಿಯಲ್ಲಿ ಬಣ್ಣ ಉಳಿಯದಿದ್ದರೆ ಕೆಲಸ ಮುಂದುವರಿಸಬಹುದು. ಬಣ್ಣ ಬದಿಗೂ ಹತ್ತಿದ್ದರೆ ಎಚಿಂಗ್ ಮಾಡಿ, ಅಂದರೆ ಉಕ್ಕನ್ನು ಕೊರೆಯುವ ದ್ರಾವಣಕ್ಕೆ ಅದ್ದಿ, ನೋಡುವುದೇ ಸರಿ.

ಎಚಿಂಗ್ ಪರೀಕ್ಷೆ

ಗೇರ್, ಬೇರಿಂಗ್ ಮಾಡುವ ಕಾರ್ಖಾನೆಗಳಲ್ಲಿ ಗ್ರೈಂಡಿಂಗ್ ಸುಟ್ಟಗಾಯ ಹುಡುಕುವುದು ಆಲ್ಕೊಹಾಲಿನಲ್ಲಿ ಕಲಸಿದ ನೈಟ್ರಿಕ್ ಆಮ್ಲದಿಂದ. ಮನೆಯ ವರ್ಕ್‌ಶಾಪಿಗೆ ಅದು ಬೇಡ. ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ) ಎಚಿಂಗ್‌ಗೆ ಮಾರುವ ಫೆರಿಕ್ ಕ್ಲೋರೈಡ್ ಸಾಕು, ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ದ್ರಾವಣವಾಗಿ ಸಿಕ್ಕರೆ ಒಂದು ಭಾಗಕ್ಕೆ ನಾಲ್ಕು ಭಾಗ ನೀರು. ಗಟ್ಟಿ ಹೆಂಟೆಯಾಗಿ ಸಿಕ್ಕರೆ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ, ಕರಗುವಾಗ ಚೆನ್ನಾಗಿ ಕಾಯುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಲಿ. ಸ್ಟೀಲು, ಅಲ್ಯೂಮಿನಿಯಂ ತೂತು ಬೀಳುತ್ತವೆ. ರಬ್ಬರ್ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ.

ಅಲಗಿನ ಎರಡೂ ಬದಿಯನ್ನು 400 ಗ್ರಿಟ್ ವಾಟರ್ ಪೇಪರ್‌ನಿಂದ, ಕೈಯಲ್ಲೇ, ಒಂದೇ ದಿಕ್ಕಿಗೆ ಉಜ್ಜಿ ಸಮ ಮಾಡಿ. ಮಾರ್ಕರ್ ಗೆರೆ ಅಳಿದರೂ ಫೋಟೊ ಇದೆ. ಅಲಗನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಒಣಗಿಸಿ, ಅಸಿಟೋನ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಇದಾದ ಮೇಲೆ ಬೆರಳು ತಾಗಿದರೂ ಎಣ್ಣೆಕಲೆ ಮೂಡಿ ಮೋಸ ಮಾಡುತ್ತದೆ. ಬಾಯಿ ತೆಳ್ಳಗಿದ್ದರೆ 15 ಸೆಕೆಂಡ್, 0.3 ಮಿ.ಮೀ.ಗಿಂತ ದಪ್ಪವಿದ್ದರೆ 30 ಸೆಕೆಂಡ್ ಅದ್ದಿ ತೆಗೆಯಿರಿ. ನೀರಿನಲ್ಲಿ ತೊಳೆದು, ಅಡುಗೆ ಸೋಡ ಕಲಸಿದ ನೀರಿನಲ್ಲಿ ಒಂದು ನಿಮಿಷ ಇಟ್ಟು, ಒಣಗಿಸಿ, ಕಿಟಕಿ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ.

ಹದ ಸರಿಯಿರುವ ಭಾಗ ಒಂದೇ ಸಮನಾದ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಹದ ಇಳಿದ ಜಾಗ ಬೇರೆ ಛಾಯೆಗೆ, ಹೆಚ್ಚಾಗಿ ಇನ್ನೂ ಕಪ್ಪಗೆ, ಮೋಡದಂಥ ಅಂಚಿನೊಂದಿಗೆ ಕಾಣುತ್ತದೆ. ಕಪ್ಪು ಕಲೆಯ ನಡುವೆ ಬೆಳ್ಳಗೆ ಹೊಳೆಯುವ ದ್ವೀಪ ಕಂಡರೆ ಅದು ಮೇಲೆ ಹೇಳಿದ ಪೆಡಸು ಪದರ. ಬಾಲದ ಕಡೆ, ಅಂದರೆ ಹಿಡಿಗೆ ಸೇರುವ ತುದಿಯಲ್ಲಿ, ಬಣ್ಣ ಬೇರೆಯಿದ್ದರೆ ಗಾಬರಿ ಬೇಡ. ಅಲ್ಲಿ ಹದ ಕೊಟ್ಟಿರುವುದೇ ಇಲ್ಲ. ಈಗ ಕಂಡ ಅಂಚನ್ನು ಸೂಜಿಮೊನೆಯಿಂದ ಗೀರಿ. ಮುಂದಿನ ಕೆಲಸಕ್ಕೆ ಈ ಗೀರೇ ಗಡಿ. ಮೊದಲು ಕಂಡ ಬಣ್ಣದ ಗಡಿಗಿಂತ ಇದು ಒಳಗೂ ಇರಬಹುದು, ಹೊರಗೂ ಇರಬಹುದು.

ಗಡಸುತನದ ಫೈಲ್‌ಗಳಿಂದ ಬಾಯಿಯನ್ನು ಕೆರೆದು ನೋಡುವವರೂ ಇದ್ದಾರೆ. 0.5 ಮಿ.ಮೀ.ಗಿಂತ ತೆಳುವಾದ ಬಾಯಿಗೆ ಅದು ಬರೀ ಹಲ್ಲು ಮಾಡುತ್ತದೆ, ಉತ್ತರ ಕೊಡುವುದಿಲ್ಲ.

ಯಾವ ದಾರಿ

ಮತ್ತೆ ಟೆಂಪರ್ ಮಾಡುವುದು ಇದಕ್ಕೆ ಮದ್ದಲ್ಲ. ಟೆಂಪರ್ ಅಂದರೆ ಗಡಸು ಇಳಿಸುವ ಕೆಲಸ. ಇಳಿದದ್ದನ್ನು ಅದು ಏರಿಸುವುದಿಲ್ಲ. ಉಳಿಯುವುದು ಎರಡೇ: ಸುಟ್ಟ ಉಕ್ಕನ್ನು ಕತ್ತರಿಸಿ ಹಾಕುವುದು, ಅಥವಾ ಇಡೀ ಅಲಗಿಗೆ ಮೊದಲಿನಿಂದ ಹದ ಕೊಡುವುದು. ಇವೆರಡರಲ್ಲಿ ಯಾವುದು ಎಂಬುದನ್ನು ಬಾಯಿಯ ದಪ್ಪ ತೀರ್ಮಾನಿಸುತ್ತದೆ. ಬಾಯಿ ಇನ್ನೂ 0.6 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇದ್ದರೆ ಮತ್ತೆ ಹದ ಕೊಡಬಹುದು. ಅದಕ್ಕಿಂತ ತೆಳುವಾಗಿದ್ದರೆ ಅಲಗು ಎಣ್ಣೆಗೆ ಇಳಿಯುವಾಗಲೇ ಅಲೆಅಲೆಯಾಗಿ ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ. ಹಾಗಾಗಿ ಕತ್ತರಿಸುವುದೊಂದೇ ದಾರಿ. ಸುಟ್ಟ ಪಟ್ಟಿ ಬಾಯಿಯಿಂದ 3 ಮಿ.ಮೀ.ಗಿಂತ ಮೇಲಕ್ಕೆ ಹೋಗಿದ್ದು ಬಾಯಿಯೂ ತೆಳುವಾಗಿದ್ದರೆ, ಆ ಅಗಲದ ಕ್ಷೌರದ ಕತ್ತಿಯಾಗಿ ಅದು ಉಳಿಯುವುದು ಕಷ್ಟ.

ಬಣ್ಣ ಬಾಯಿಗೆ ತಾಗದೆ ಹಾಲೋದ ಹೊಟ್ಟೆಯಲ್ಲಿ ಮಾತ್ರ ಕಂಡರೆ? ಇದಕ್ಕೆ ಸುಮ್ಮನೆ ಅಲಗು ಎಸೆದವರು ಬಹಳ. ಉಕ್ಕಿನ ಬಾಗುವ ಬಿಗಿ ಗಡಸುತನದಿಂದ ಬದಲಾಗುವುದಿಲ್ಲ. 56 ಇದ್ದರೂ 62 ಇದ್ದರೂ ಅದೇ ದಪ್ಪದ ಉಕ್ಕು ಅಷ್ಟೇ ಒತ್ತಡಕ್ಕೆ ಅಷ್ಟೇ ಬಾಗುತ್ತದೆ. ವ್ಯತ್ಯಾಸ ಇರುವುದು ಎಷ್ಟು ಬಾಗಿದ ಮೇಲೆ ಹಿಂದಿರುಗದು ಎಂಬುದರಲ್ಲಿ. ಕ್ಷೌರದಲ್ಲಿ ಹಾಲೋ ಅಷ್ಟು ಬಾಗುವ ಸಂದರ್ಭವೇ ಇಲ್ಲ. ಸುಟ್ಟ ಜಾಗಕ್ಕೂ ಬಾಯಿಗೂ 3 ಮಿ.ಮೀ. ಅಂತರ ಇದ್ದು, ಬಿರುಕು ಇಲ್ಲದಿದ್ದರೆ, ಬಣ್ಣ ಉಜ್ಜಿ ತೆಗೆದು ಮುಂದುವರಿಯಿರಿ. ವರ್ಷಗಟ್ಟಲೆ ಸಾಣೆ ಹಿಡಿದು ಬಾಯಿ ಸವೆದು ಅಲ್ಲಿಗೆ ತಲುಪಿದಾಗ ಮಾತ್ರ ಅದರ ಚಿಂತೆ.

ಬಾಯಿಯನ್ನು ಹಿಂದಕ್ಕೆ ಸರಿಸುವುದು

ಗೀರಿದ ಗಡಿಯಿಂದ ಇನ್ನೂ 0.5 ಮಿ.ಮೀ. ಬೆನ್ನಿನ ಕಡೆಗೆ ಎರಡನೇ ಗೀರು ಎಳೆಯಿರಿ. ಅಲ್ಲಿಯವರೆಗೆ ತೆಗೆಯಬೇಕು. ಗೀರು ಬೆನ್ನಿಗೆ ಸಮಾನಾಂತರವಾಗಿರಬೇಕು, ಅಥವಾ ನಡುವೆ ಸ್ವಲ್ಪ ಉಬ್ಬಿದ ಕಮಾನಾಗಿರಬೇಕು. ನಡುವೆ ತಗ್ಗಾದ ಬಾಯಿ ಕಲ್ಲಿಗೆ ಕೂರುವುದಿಲ್ಲ, ಕೆನ್ನೆಗೂ ಕೂರುವುದಿಲ್ಲ.

ಸುಟ್ಟದ್ದು ಎಲ್ಲಿ ಎಂಬುದು ಇಲ್ಲೇ ಮುಖ್ಯವಾಗುವುದು. ಮೊನೆಯಲ್ಲೋ ಬುಡದಲ್ಲೋ ಸುಟ್ಟಿದ್ದರೆ ಉಬ್ಬಿದ ಕಮಾನು ನಮ್ಮ ಪರ: ತುದಿಗಳಲ್ಲಿ 1.5 ಮಿ.ಮೀ. ತೆಗೆದು ನಡುವೆ 0.3 ಮಾತ್ರ ತೆಗೆದರೂ ಬಾಯಿಯ ಆಕಾರ ಒಪ್ಪುತ್ತದೆ. ನಡುವೆ ಸುಟ್ಟಿದ್ದರೆ ಅಂಥ ರಿಯಾಯಿತಿ ಇಲ್ಲ, ಇಡೀ ಉದ್ದಕ್ಕೆ ಅಷ್ಟನ್ನೂ ಇಳಿಸಬೇಕು. ಮೊನೆಯ 4–5 ಮಿ.ಮೀ. ಮಾತ್ರ ಕೆಟ್ಟಿದ್ದರೆ ಬಾಯಿಯನ್ನು ಮುಟ್ಟುವುದೇ ಬೇಡ. ಚೌಕ ಮೊನೆಯನ್ನು ದುಂಡಗೆ ಮಾಡಿ, ಅಥವಾ ಅಷ್ಟು ಉದ್ದವನ್ನೇ ತೆಗೆದುಹಾಕಿ, 75 ಮಿ.ಮೀ. ಬಾಯಿ 70 ಆದರೆ ಕ್ಷೌರಕ್ಕೆ ಏನೂ ಕೊರತೆ ಆಗುವುದಿಲ್ಲ. ಬುಡದ ಮೂಲೆ ಸುಟ್ಟಿದ್ದರೆ ಅದನ್ನು ದುಂಡಗೆ ತೇಯ್ದು ಮೇಲಕ್ಕೆ ಎತ್ತಿಬಿಡಿ. ಆ ಮೂಲೆ ಚೂಪಾಗಿರುವುದಕ್ಕಿಂತ ದುಂಡಗಿರುವುದೇ ಕಿವಿಗೆ ಕ್ಷೇಮ.

ತೆಗೆಯುವ ಕೆಲಸಕ್ಕೆ ಮೆಷಿನ್ ಬೇಡ. 325 ಅಥವಾ 400 ಗ್ರಿಟ್ ಡೈಮಂಡ್ ಪ್ಲೇಟನ್ನು ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಟ್ಟು, ನೀರು ಚಿಮುಕಿಸಿ. ಅಲಗನ್ನು ಪ್ಲೇಟಿಗೆ ಲಂಬವಾಗಿ, ಬಾಯಿ ಕೆಳಗೆ ಮಾಡಿ ಹಿಡಿದು, ಉದ್ದಕ್ಕೆ ಹಿಂದೆ ಮುಂದೆ ಎಳೆಯಿರಿ. ಒತ್ತಡ ಕೈಯ ಭಾರಕ್ಕಿಂತ ಹೆಚ್ಚಿರಕೂಡದು. ತೆಳು ಬಾಯಿ ಒತ್ತಿದರೆ ಬಾಗಿ ಚೂರು ಏಳುತ್ತದೆ. ಹತ್ತಿಪ್ಪತ್ತು ಸಲಕ್ಕೊಮ್ಮೆ ಅಲಗನ್ನು ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ಕೈ ವಾಲಿದ ಕಡೆಗೆ ಬಾಯಿ ಓರೆಯಾಗುತ್ತದೆ. 0.2 ಮಿ.ಮೀ. ಬಾಯಿ ಬೇಗ ಇಳಿಯುತ್ತದೆ. ಮೇಲೆ ಹೋದಂತೆ ದಪ್ಪ ಸಿಕ್ಕಿ ನಿಧಾನವಾಗುತ್ತದೆ. ಗೀರು ಮುಟ್ಟಿದ ಮೇಲೆ ಇನ್ನೊಮ್ಮೆ ಎಚಿಂಗ್ ಮಾಡಿ ನೋಡಿ. ಕಪ್ಪು ಛಾಯೆ ಉಳಿದಿದ್ದರೆ ಮತ್ತೆ 0.3 ತೆಗೆಯಿರಿ. ಇಲ್ಲಿ ಜಿಪುಣತನ ಮಾಡಿದರೆ ಕೊನೆಗೆ ಸಾಣೆಕಲ್ಲಿನ ಮೇಲೆ ಸಿಕ್ಕಿಬೀಳುತ್ತೀರಿ.

ಕೋನದ ಲೆಕ್ಕ

ಕ್ಷೌರದ ಕತ್ತಿಗೆ ಸಾಣೆ ಹಿಡಿಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರುತ್ತವೆ. ಆದ್ದರಿಂದ ಬೆವೆಲ್ (ಬಾಯಿಯ ಅಂಚಿನಲ್ಲಿ ಕಲ್ಲು ಮೂಡಿಸುವ ಕಿರಿದಾದ ಓರೆ ಮುಖ) ಕೋನ ಬೆನ್ನಿನ ದಪ್ಪ, ಅಲಗಿನ ಅಗಲ ಎರಡರಿಂದಲೇ ಹುಟ್ಟುತ್ತದೆ. ಅಗಲ ಅಂದರೆ ಇಲ್ಲಿ ಬಾಯಿಯಿಂದ ಬೆನ್ನು ಕಲ್ಲಿಗೆ ತಾಗುವ ಜಾಗದವರೆಗೆ, ಬೆನ್ನಿನ ತಲೆಯವರೆಗೆ ಅಲ್ಲ. ಅಗಲ 19 ಮಿ.ಮೀ., ದಪ್ಪ 5.4 ಇದ್ದರೆ ಒಟ್ಟು ಕೋನ ಸುಮಾರು 16.2 ಡಿಗ್ರಿ. 1.5 ಮಿ.ಮೀ. ತೆಗೆದರೆ 17.5 ಆಗುತ್ತದೆ, ಚಿಂತೆಯಿಲ್ಲ, ಗಟ್ಟಿ ಗಡ್ಡಕ್ಕೆ ಒಳ್ಳೆಯದೇ. 3 ಮಿ.ಮೀ. ತೆಗೆದರೆ 19.2ಕ್ಕೆ ಏರುತ್ತದೆ, ಆಗ ಕ್ಷೌರ ಒರಟಾಗುತ್ತದೆ. ಅದನ್ನು 17ಕ್ಕೆ ಇಳಿಸಬೇಕಾದರೆ 16 ಮಿ.ಮೀ. ಅಗಲಕ್ಕೆ ಬೆನ್ನು 4.8 ಮಿ.ಮೀ. ಇರಬೇಕು. ಅಂದರೆ ಪ್ರತಿ ಬದಿಗೆ 0.3 ಮಿ.ಮೀ. ಬೆನ್ನು ಸವೆಸಬೇಕು. ಇದನ್ನೂ ಡೈಮಂಡ್ ಪ್ಲೇಟಿನ ಮೇಲೆ, ಎರಡೂ ಬದಿಗೆ ಲೆಕ್ಕ ಹಾಕಿ ಸಮವಾಗಿ ಮಾಡಬೇಕು.

ಬಾಯಿಯ ದಪ್ಪದ್ದು ಬೇರೆ ಲೆಕ್ಕ. 17 ಡಿಗ್ರಿ ಕೋನದಲ್ಲಿ ಬೆವೆಲಿನ ಅಗಲ ಬಾಯಿಯ ದಪ್ಪದ 3.4 ಪಟ್ಟು. ಬಾಯಿ ಕತ್ತರಿಸಿದ ಜಾಗದಲ್ಲಿ 0.3 ಮಿ.ಮೀ. ದಪ್ಪ ಸಿಕ್ಕಿದರೆ ಬೆವೆಲ್ 1 ಮಿ.ಮೀ. ಆಗುತ್ತದೆ. ಕ್ಷೌರಕ್ಕೆ ಅಡ್ಡಿಯಿಲ್ಲ, ಆದರೆ ಪ್ರತಿ ಸಾಣೆಗೂ ಹೊತ್ತು ಹಿಡಿಯುತ್ತದೆ. 0.15ಕ್ಕೆ ಇಳಿಸಿದರೆ ಬೆವೆಲ್ ಅರ್ಧ ಮಿ.ಮೀ.; ಚೆನ್ನಾಗಿ ಕಾಣುತ್ತದೆ, ಸಾಣೆಯೂ ಸಲೀಸು. 0.3ಕ್ಕೆ ತೃಪ್ತಿಪಡುವುದು ಮೇಲು. ಈಗಾಗಲೇ ಒಮ್ಮೆ ಸುಟ್ಟ ಅಲಗನ್ನು ಅಂದಕ್ಕಾಗಿ ಮತ್ತೆ ಮೆಷಿನ್‌ಗೆ ಒಡ್ಡುವುದರಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚು. 0.4 ಮೀರಿದ್ದರೆ ಮಾತ್ರ ಹಾಲೋವನ್ನು ಮತ್ತೆ ಇಳಿಸಲೇಬೇಕು.

ಸುಡದಂತೆ ಮತ್ತೆ ತೇಯುವುದು

ಬಿಸಿ ಏರುವುದು ಬೆರಳಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ ಚಾಕುವಿಗೆ ಸರಿ, ಕ್ಷೌರದ ಕತ್ತಿಗಲ್ಲ. ಬೆರಳು ಇರುವುದು 5 ಮಿ.ಮೀ. ದಪ್ಪದ ಬೆನ್ನಿನ ಹತ್ತಿರ. ನಡುವೆ ಇರುವ ತೆಳು ಹಾಲೋ ಬಿಸಿಯನ್ನು ಬೆನ್ನಿಗೆ ಸಾಗಿಸುವುದು ನಿಧಾನ. ಬಾಯಿ 300 ಡಿಗ್ರಿ ಮುಟ್ಟಿ ನೀಲಿಯಾಗಿ ಆರಿದ ಮೇಲೂ ಬೆನ್ನು ಬೆಚ್ಚಗೆ ಕೂಡ ಆಗಿರುವುದಿಲ್ಲ. ನಂಬಬೇಕಾದ್ದು ನೀರನ್ನು. ಅಲಗನ್ನು ಅದ್ದಿ, ಒರೆಸದೆ, ನೀರಿನ ಪದರ ಇರುವಂತೆಯೇ ಬೆಲ್ಟಿಗೆ ಒಯ್ಯಿರಿ. ಬಾಯಿಯ ಅಂಚಿನಲ್ಲಿ ನೀರು ಇರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ದಾಟಿಲ್ಲ ಎಂದೇ ಲೆಕ್ಕ. ಅಂಚು ಒಣಗುವುದು ಕಂಡ ಕೂಡಲೇ ತೆಗೆದು ಅದ್ದಿ. ಒಂದು ಬದಿಗೆ ಒಂದೇ ಸಲ ಎಳೆಯುವುದು, ಅದ್ದುವುದು, ಬದಿ ಬದಲಿಸುವುದು, ಅಷ್ಟೇ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ಶೆಫರ್ಡ್ ವೀಲ್, ಜರ್ಮನಿಯ ಜೋಲಿಂಗೆನ್‌ನಲ್ಲಿ ವುಪ್ಪರ್ ನದಿಯ ದಂಡೆಯ ವಿಪ್ಪರ್‌ಕೋಟೆನ್ ಇವು ಹೊಳೆಯ ನೀರಿನ ಬಲದಿಂದ ಸಾಣೆಚಕ್ರ ತಿರುಗಿಸುತ್ತಿದ್ದ ಹಳೆಯ ಸಾಣೆಮನೆಗಳು. ಅಲ್ಲಿನಂಥ ಒದ್ದೆ ಕಲ್ಲುಚಕ್ರದಲ್ಲಿ ಬಾಯಿ ನೀಲಿಯಾಗುವ ಭಯ ಕಡಿಮೆ. ನಮ್ಮ ಒಣ ಬೆಲ್ಟಿನಲ್ಲಿ ಆ ರಕ್ಷಣೆಯನ್ನು ನಾವೇ ತಂದುಕೊಳ್ಳಬೇಕು. ಹನಿ ನೀರು ಅಥವಾ ಸಿಂಪರಣೆ ಹಾಕುವುದಾದರೆ ಮೋಟಾರಿಗೆ, ಸ್ವಿಚ್ಚಿಗೆ ಮುಚ್ಚಳ ಇರಲಿ, ಪ್ಲಗ್ ಇರುವ ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಬೆಲ್ಟೂ ನೀರು ತಡೆಯುವ ಬಟ್ಟೆಬೆನ್ನಿನದಾಗಿರಬೇಕು.

ವೇಗ ಇಳಿಸಿ. 50×1830 ಮಿ.ಮೀ. ಬೆಲ್ಟಿನ ಗ್ರೈಂಡರ್ ಪೂರ್ಣ ವೇಗದಲ್ಲಿ ಸೆಕೆಂಡಿಗೆ 25–30 ಮೀಟರ್ ಓಡುತ್ತದೆ. ಬಾಯಿ 0.5ಕ್ಕಿಂತ ತೆಳುವಾದ ಮೇಲೆ 5–8 ಮೀಟರ್ ಸಾಕು. ಬೆಂಚ್ ಗ್ರೈಂಡರಿನಲ್ಲಿ ಈ ಸೌಲಭ್ಯ ಇಲ್ಲ. 150 ಮಿ.ಮೀ. ಚಕ್ರ ನಿಮಿಷಕ್ಕೆ 2800 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 22 ಮೀಟರ್, ಅದನ್ನು ಇಳಿಸಲಾಗದು. ಜೊತೆಗೆ ಮೆಷಿನ್ ಜೊತೆ ಬರುವ ಬೂದು ಕಲ್ಲು ಬೇಗ ನುಣುಪಾಗಿ, ಕತ್ತರಿಸುವ ಬದಲು ಉಜ್ಜಲು ಶುರುಮಾಡುತ್ತದೆ. ಬೇರೆ ಮೆಷಿನ್ ಇಲ್ಲವೆಂದರೆ ಬಿಳಿ ಅಲ್ಯೂಮಿನಿಯಂ ಆಕ್ಸೈಡಿನ ಮೆತ್ತಗಿನ ಚಕ್ರ ಹಾಕಿ, ಡೈಮಂಡ್ ಡ್ರೆಸ್ಸರ್‌ನಿಂದ ಆಗಾಗ ಚಕ್ರದ ಮುಖ ಕೆರೆದು ಹೊಸದು ಮಾಡುತ್ತಿರಿ.

ಬಿಸಿ ಹೆಚ್ಚಾಗಿ ಹುಟ್ಟುವುದು ಕತ್ತರಿಸುವುದರಿಂದಲ್ಲ, ಕತ್ತರಿಸದೆ ತಿಕ್ಕುವುದರಿಂದ. ಬೆಲ್ಟ್ ಮೊಂಡಾದರೆ ನಾವು ಗೊತ್ತಿಲ್ಲದೆ ಒತ್ತುತ್ತೇವೆ, ಒತ್ತಿದರೆ ಸುಡುತ್ತದೆ. ಸುಟ್ಟ ಅಲಗನ್ನು ಸರಿಪಡಿಸುವಾಗ ಪ್ರತಿ ಗ್ರಿಟ್‌ಗೂ ಹೊಸ ಬೆಲ್ಟ್ ಬಿಚ್ಚಿ. ಹಳೆ ಬೆಲ್ಟನ್ನು ಹಿಡಿ ತೇಯಲು ಇಟ್ಟುಕೊಳ್ಳಿ. ಮೆಷಿನ್‌ನಲ್ಲಿ 120 ಅಥವಾ 220ಕ್ಕೆ ನಿಲ್ಲಿಸಿ, ಅದರಾಚೆ ವಾಟರ್ ಪೇಪರ್‌ನಿಂದ ಕೈಯಲ್ಲೇ ಮಾಡಿ. ನುಣುಪು ಬೆಲ್ಟುಗಳು ಒರಟಿಗಿಂತ ಬೇಗ ಸುಡುತ್ತವೆ. ಮೊನೆಯ ಕಡೆ ಹೋಗುವಾಗ ಎಚ್ಚರ: ಅಲ್ಲಿ ಬಿಸಿ ಹೋಗಲು ಒಂದೇ ದಿಕ್ಕು, ಜೊತೆಗೆ ಎಳೆತದ ಕೊನೆಯಲ್ಲಿ ಕೈ ಅರೆಗಳಿಗೆ ನಿಲ್ಲುವುದೂ ಅಲ್ಲೇ. ಎಳೆತವನ್ನು ಬುಡದಿಂದ ಶುರುಮಾಡಿ, ಕೈ ನಿಲ್ಲಿಸದೆ, ಮೊನೆ ದಾಟಿ ಗಾಳಿಗೆ ಹೋಗಬೇಕು. ಉಕ್ಕಿನ ಧೂಳು ಒದ್ದೆಯಿದ್ದರೂ ಮಾಸ್ಕ್ ಬಿಡಬೇಡಿ.

ಇಡೀ ಅಲಗಿಗೆ ಮತ್ತೆ ಹದ ಕೊಡುವುದು

ಬಾಯಿ ದಪ್ಪವಿರುವಾಗಲೇ ಸುಟ್ಟಿದ್ದರೆ ಇದೇ ಸ್ವಚ್ಛವಾದ ಪರಿಹಾರ. ಆದರೆ ತಾಪಮಾನ ಹಿಡಿದಿಡುವ ಎಲೆಕ್ಟ್ರಿಕ್ ಫರ್ನೇಸ್ ಇದ್ದರೆ ಮಾತ್ರ ಮಾಡುವುದು ಮೇಲು. ಗ್ಯಾಸ್ ಕುಲುಮೆಯಲ್ಲಿ ತೆಳು ಬಾಯಿ ಬೆನ್ನಿಗಿಂತ ಮೊದಲು ಕೆಂಪೇರಿ, ಬೆನ್ನು ಬರುವಷ್ಟರಲ್ಲಿ ಬಾಯಿಯ ಕಣ ದಪ್ಪಗಾಗಿರುತ್ತದೆ, ಮೇಲ್ಮೈಯ ಕಾರ್ಬನ್ನೂ ಸುಟ್ಟುಹೋಗಿರುತ್ತದೆ.

ಮೊದಲು ಒಳಗಿನ ಬಿಗಿತ ಬಿಡಿಸಬೇಕು. 650 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಫರ್ನೇಸ್ ಬಾಗಿಲು ಮುಚ್ಚಿಯೇ ಆರಲು ಬಿಡಿ. ಈ ಹಂತ ಬಿಟ್ಟು ನೇರ ಹದಕ್ಕೆ ಹೋದರೆ ಅಲಗು ಸೊಟ್ಟಗಾಗುವ, ಬಿರಿಯುವ ಸಾಧ್ಯತೆ ಹೆಚ್ಚು. ಆರಿದ ಮೇಲೆ ನೇರವಿದೆಯೇ ನೋಡಿ. ಮೆತ್ತಗಿರುವಾಗ ಸೊಟ್ಟ ತೆಗೆಯುವುದು ಸುಲಭ. ಬಾಯಿಯ ಉದ್ದಕ್ಕೂ 220 ಗ್ರಿಟ್‌ಗಿಂತ ಒರಟಾದ ಅಡ್ಡ ಗೆರೆ ಉಳಿದಿರಬಾರದು, ಬಿರುಕು ಶುರುವಾಗುವುದು ಅಲ್ಲಿಂದಲೇ. ಕಾಯುವಾಗ ಆಕ್ಸೈಡಿನ ಹಕ್ಕಳೆ ಕಟ್ಟದಂತೆ ಆಂಟಿ-ಸ್ಕೇಲ್ ಲೇಪ ಹಚ್ಚಿ ಒಣಗಿಸಿ.

1095 ಆದರೆ 800 ಡಿಗ್ರಿಯಲ್ಲಿ 5–10 ನಿಮಿಷ. ನಮ್ಮಲ್ಲಿ ಓಎಚ್‌ಎನ್‌ಎಸ್ ಎಂದು ಮಾರುವ ಉಕ್ಕಿಗೆ 800–815ರಲ್ಲಿ 10–15 ನಿಮಿಷ. ಬೇರಿಂಗ್ ಉಕ್ಕು ಎನ್31ಕ್ಕೆ 840ರ ಹತ್ತಿರ 10 ನಿಮಿಷ. ಹೊತ್ತು ಎಣಿಸಬೇಕಾದ್ದು ಅಲಗು ಆ ಬಿಸಿಗೆ ಬಂದ ಮೇಲೆ. ಓಎಚ್‌ಎನ್‌ಎಸ್, ಎನ್31ಕ್ಕೆ ಅದ್ದಿ ಆರಿಸಲು 50–60 ಡಿಗ್ರಿಗೆ ಕಾಯಿಸಿದ ಸೂರ್ಯಕಾಂತಿ ಎಣ್ಣೆ ನಡೆಯುತ್ತದೆ. 1095ಕ್ಕೆ ಬೇಗ ಆರಿಸುವ ಕ್ವೆಂಚಿಂಗ್ ಆಯಿಲ್ಲೇ (ಹದ ಕೊಡಲೆಂದೇ ಮಾರುವ ಎಣ್ಣೆ) ಬೇಕು. ಅದು ಸಿಗದಿದ್ದರೆ ಆ ಉಕ್ಕಿನ ಗೊಡವೆಗೆ ಹೋಗಬೇಡಿ. ಹಳೆ ಎಂಜಿನ್ ಆಯಿಲ್ ಬೇಡವೇ ಬೇಡ, ಅದರ ಹೊಗೆ ಕೆಟ್ಟದ್ದು. ಎಣ್ಣೆ ಕನಿಷ್ಠ 5 ಲೀಟರ್, ಆಳವಾದ ಕಬ್ಬಿಣದ ಡಬ್ಬಿಯಲ್ಲಿ. ಬೆಂಕಿ ಹತ್ತಿದರೆ ಮುಚ್ಚಲು ಲೋಹದ ಮುಚ್ಚಳ ಪಕ್ಕದಲ್ಲೇ ಇರಲಿ.

ಅಲಗನ್ನು ಮೊನೆ ಕೆಳಗೆ ಮಾಡಿ ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಮಾತ್ರ ಆಡಿಸಿ. ಅಕ್ಕಪಕ್ಕಕ್ಕೆ ಆಡಿಸಿದರೆ ಒಂದು ಬದಿ ಮೊದಲು ಆರಿ ಬಾಯಿ ಆ ಕಡೆಗೆ ಎಳೆದುಕೊಳ್ಳುತ್ತದೆ. ಎಂಟು ಹತ್ತು ಸೆಕೆಂಡಿಗೆ ತೆಗೆದು ಎರಡು ದಪ್ಪ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಒತ್ತಿ ಹಿಡಿದು ತಣಿಯಲು ಬಿಡಿ. ಹಾಲೋ ಇಳಿದಿರುವ ಅಲಗಿನಲ್ಲಿ ಈ ಹಿಡಿತ ಬೆನ್ನನ್ನು ಮಾತ್ರ ನೇರ ಇಡುತ್ತದೆ, ಬಾಯಿಯನ್ನಲ್ಲ. ಕೈಗೆ ಬೆಚ್ಚಗೆ ತಾಗುವ ಹೊತ್ತಿಗೆ, ಅಂದರೆ 50 ಡಿಗ್ರಿಯ ಸುಮಾರಿಗೆ, ನೇರ ಟೆಂಪರಿಗೆ ಹೋಗಬೇಕು. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಟೆಂಪರ್ ಮಾಡಲು ಹೋದರೆ ಮೇಜಿನ ಮೇಲೇ ಬಿರಿದಿರಬಹುದು.

ಟೆಂಪರ್ 190 ಡಿಗ್ರಿಯಲ್ಲಿ ಎರಡು ಸಲ, ಸಲಕ್ಕೆ ಎರಡು ಗಂಟೆ, ನಡುವೆ ಪೂರ್ತಿ ತಣಿಸಬೇಕು. ಮನೆಯ ಓಟಿಜಿಯಲ್ಲಿ ಮಾಡಬಹುದು, ಆದರೆ ಅದರ ಗುಂಡಿ ಹೇಳುವ ಬಿಸಿಗೂ ಒಳಗಿನ ಬಿಸಿಗೂ ತಾಳೆಯಾಗುವುದಿಲ್ಲ. ಕಾಯಿಲ್ ಹತ್ತಿದಾಗ ತೆಳು ಬಾಯಿ ಒಮ್ಮೆಲೇ ಕಾಯುತ್ತದೆ. ಒಂದು ತಟ್ಟೆಯಲ್ಲಿ ಒಣ ಮರಳು ತುಂಬಿ, ಒಂದು ಗಂಟೆ ಮೊದಲೇ ಕಾಯಿಸಿ, ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಮರಳಿನೊಳಗೆ ಚುಚ್ಚಿ ಬಿಸಿ ನಿಂತಮೇಲೆ ಅಲಗನ್ನು ಹೂತಿಡಿ. ಸಣ್ಣ ಸೊಟ್ಟ ಉಳಿದಿದ್ದರೆ ಎರಡನೇ ಟೆಂಪರಿನಲ್ಲಿ ದಪ್ಪ ಪಟ್ಟಿಗೆ ಕಟ್ಟಿ, ಉಬ್ಬಿನ ವಿರುದ್ಧ ದಿಕ್ಕಿಗೆ ಸ್ವಲ್ಪ ಹೆಚ್ಚೇ ಬಾಗಿಸಿ ಇಟ್ಟರೆ ತಿದ್ದಿಕೊಳ್ಳುತ್ತದೆ. ಆಮೇಲೆ ಪ್ರತಿ ಬದಿಯಿಂದ 0.1 ಮಿ.ಮೀ. ತೆಗೆದ ಮೇಲೆಯೇ ಫೈಲ್ ಹಾಕಿ ಪರೀಕ್ಷಿಸಿ, ಮೇಲಿನ ಪದರ ಕಾರ್ಬನ್ ಕಳೆದುಕೊಂಡು ಮೆತ್ತಗಿರುತ್ತದೆ. ಒಳಗಿನ ಉಕ್ಕಿನ ಮೇಲೆ ಒಳ್ಳೆಯ ಫೈಲ್ ಜಾರಬೇಕು.

ಕಲ್ಲಿನ ಮೇಲೆ ಕೊನೆಯ ಪರೀಕ್ಷೆ

1000 ಗ್ರಿಟ್‌ನಲ್ಲಿ ಬೆವೆಲ್ ಕೂರಿಸುವಾಗಲೇ ಸುಳಿವು ಸಿಗುತ್ತದೆ. ಗಟ್ಟಿ ಉಕ್ಕಿನ ಬರ್ ಬದಿ ಬದಲಿಸಿ ಎಳೆದ ಕೆಲವೇ ಸಲಕ್ಕೆ ಮುರಿದು ಹೋಗುತ್ತದೆ. ಮೆತ್ತಗಿನ ಜಾಗದಲ್ಲಿ ಅದು ಮುರಿಯದೆ ಆ ಬದಿಯಿಂದ ಈ ಬದಿಗೆ ಮಗುಚುತ್ತಲೇ ಇರುತ್ತದೆ. ಫೋಟೊ ತೆಗೆದಿಟ್ಟ ಜಾಗದಲ್ಲೇ ಹೀಗಾದರೆ ಕಾರಣ ಬೇರೆ ಹುಡುಕಬೇಕಿಲ್ಲ. 8000 ಗ್ರಿಟ್ ಮುಗಿಸಿ, ಚರ್ಮದ ಪಟ್ಟಿಗೆ 40–50 ಸಲ ಎಳೆದು, ಬಾಯಿಯನ್ನು ಬೆಳಕಿಗೆ ನೇರ ಹಿಡಿದು 60 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ನೋಡಿ. ಸರಿಯಾದ ಬಾಯಿ ಕಾಣುವುದೇ ಇಲ್ಲ. ಮಡಚಿದ ಜಾಗ ಬಿಳಿ ಗೆರೆಯಾಗಿ ಮಿನುಗುತ್ತದೆ. ಮುಂಗೈ ಕೂದಲ ಪರೀಕ್ಷೆಯನ್ನು ಬುಡ, ನಡು, ಮೊನೆ ಮೂರೂ ಕಡೆ ಬೇರೆ ಬೇರೆಯಾಗಿ ಮಾಡಿ.

ಮಿನುಗು ಕಂಡರೆ ಬಾಯಿಯನ್ನು 1000 ಕಲ್ಲಿಗೆ ಲಂಬವಾಗಿ ಐದಾರು ಸಲ ಎಳೆದು ಬೆವೆಲ್ ಮತ್ತೆ ಕೂರಿಸಿ. ಗಡಿ ತೀರ ಹತ್ತಿರ ಉಳಿದಿದ್ದರೆ ಅಷ್ಟರಲ್ಲೇ ಗಟ್ಟಿ ಉಕ್ಕು ಸಿಗುತ್ತದೆ. ಎರಡನೇ ಸಲವೂ ಅದೇ ಜಾಗ ಮಡಚಿದರೆ ಕಲ್ಲು ಸವೆಸಬೇಡಿ, ಫೆರಿಕ್ ಕ್ಲೋರೈಡಿಗೆ ಹಿಂದಿರುಗಿ ಗಡಿ ಹೊಸದಾಗಿ ಗೀರಿ. ಅಗಲ 14 ಮಿ.ಮೀ.ಗಿಂತ ಕೆಳಗೆ ಹೋಗುವಂತಿದ್ದರೆ ಅಲ್ಲಿಗೆ ನಿಲ್ಲಿಸಿ, ಉಳಿದ ಗಟ್ಟಿ ಉಕ್ಕಿನಲ್ಲಿ ಮರಗೆಲಸಕ್ಕೆ ಗೀರು ಹಾಕುವ ಕತ್ತಿ ಮಾಡಿಕೊಳ್ಳಿ. ಅದಕ್ಕೆ ಬೇಕಾದ ಬಾಯಿ 30 ಮಿ.ಮೀ. ಮಾತ್ರ.